ಬಿದ್ದದ್ದೋ, ಕೆಡವಿದ್ದೋ?

"ಕೆಡವಿದಾಂವ ನೀನು. ಏನಾತು ಅಂತ ನನಗ ಕೇಳ್ತಿ? ನೀನೇ ಹೇಳು."

ನಾಗಮ್ಮ ಎಂಬ ಮುದುಕಿ ತನ್ನ ಮೊಮ್ಮಗನಿಗೆ ಹೇಳಿದ ಮಾತಿದು. ಕನ್ನಡದಲ್ಲಿ. ಅವಳ ಮಣಿಕಟ್ಟಿಗೆ ಹಳೆಯ ಸೀರೆಯ ಪಟ್ಟಿ ಸುತ್ತಿತ್ತು. ಮೊಮ್ಮಗ ನಮ್ಮತ್ತ ತಿರುಗಿ, ನಗುನಗುತ್ತಲೇ ಮರಾಠಿಯಲ್ಲಿ ಹೇಳಿದ: "ಬಾತ್‌ರೂಮಿನಲ್ಲಿ ಬಿದ್ದಳಂತೆ."

ಮಕ್ಕಳೇ, ಪ್ರತಿ ವಾರ ಪತ್ರಿಕೆಯ ಈ ಮೂಲೆಯಲ್ಲಿ ಕೂತು ನಿಮ್ಮೊಡನೆ ಹರಟುತ್ತೇನೆ. ಈ ವಾರ ಹರಟುವ ಮನಸ್ಸಿಲ್ಲ.

ಮರಾಠಿ ಸೀಮೆಯ ವಾಕಡದಲ್ಲಿರುವ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಒಂದು ಕಮಿಟಿಯಾಗಿದೆ. ಮನೆಯವರಿಂದಲೇ ಹೊಡೆತ, ಬೈಗುಳ ತಿನ್ನುವ ಹಿರಿಯರಿಗೆ ಆಸರೆಯಾಗಲು. ಮುಂದಾಳು ಪಕ್ಕದ ಮನೆಯ ಸುಲಭಾತಾಯಿ. ನಿವೃತ್ತ ನರ್ಸ್, ಗಟ್ಟಿಗಿತ್ತಿ. ಯೋಜನೆ ಚೆನ್ನಾಗಿಯೇ ಇತ್ತು. ಅಕ್ಕಪಕ್ಕದ ಕಟ್ಟಡಗಳಲ್ಲಿ ಮನೆಮನೆಗೆ ಭೇಟಿ. ಬಾಗಿಲಿಗೆ ಸಹಾಯವಾಣಿಯ ಸ್ಟಿಕರ್. ಬೇಕೆಂದರೆ ಡಾಕ್ಟರು, ವಕೀಲರು. ನನ್ನ ಕೆಲಸ? ಸ್ಟಿಕರಿನ ಚೀಲ ಹಿಡಿಯುವುದು. (ಹೊಸಬರ ಮುಂದೆ ನನಗೆ ಬಾಯಿ ಒಣಗುತ್ತದೆ. ಸುಲಭಾತಾಯಿ ನನ್ನನ್ನು ಕರೆಯುವುದೇ 'ಗಪ್ಪ ಆಜಿ', ಬಾಯಿ ಬಿಡದ ಅಜ್ಜಿ.)

ಮೊಮ್ಮಗ ಕ್ಯಾಬ್ ಓಡಿಸುವವನು. ಬಾಗಿಲಲ್ಲೇ ನಮ್ಮ ಕಾಲಿಗೆ ಬಿದ್ದಿದ್ದ. ಎಂಥ ಸಂಸ್ಕಾರವಂತ ಹುಡುಗ ಎಂದುಕೊಂಡಿದ್ದೆವು. ನಾಗಮ್ಮನಿಗೆ ಮರಾಠಿ ಬರದು, ಸುಲಭಾತಾಯಿಗೆ ಕನ್ನಡ ಬರದು. ಹಾಗಾಗಿ ನಡುವೆ ನಿಂತು ಮಾತು ದಾಟಿಸಿದವನು ಅವನೇ. ಮೂಲೆಯಲ್ಲಿ ಚೀಲ ಹಿಡಿದವಳಿಗೆ ಕನ್ನಡ ಗೊತ್ತೆಂದು ಯಾರು ಅಂದುಕೊಳ್ಳುತ್ತಾರೆ?

ನಮ್ಮ ಹಳ್ಳಿಯ ಶಾಲೆಯಲ್ಲಿ ಮಾಸ್ತರರು ಎರಡು ವಾಕ್ಯ ಬರೆಸುತ್ತಿದ್ದರು. ಮಡಕೆ ಬಿತ್ತು. ಮಡಕೆಯನ್ನು ಬೀಳಿಸಿದರು. ವ್ಯತ್ಯಾಸವೇನು ಎಂದು ಕೇಳುತ್ತಿದ್ದರು. ಆಗ ಅದು ಬರೀ ವ್ಯಾಕರಣವಾಗಿತ್ತು.

ಅಲ್ಲೇ ಕೂಗಾಡಬಹುದಿತ್ತು. ಆದರೆ ನಾವು ಎದ್ದು ಹೋದ ಮೇಲೆ ಆ ಮನೆಯಲ್ಲಿ ಉಳಿಯುವವರು ಯಾರು?

ಸುಲಭಾತಾಯಿಯ ಸೆರಗು ಜಗ್ಗಿ ಕಿವಿಯಲ್ಲಿ ಒಂದು ಮಾತು ಹೇಳಿದೆ. ಅವಳು ಏಕೆಂದು ಕೇಳಲಿಲ್ಲ. ಲಿಫ್ಟಿನ ಹತ್ತಿರ ಸ್ಟಿಕರ್ ಅಂಟಿಸಲು ಜಾಗ ತೋರಿಸು ಬಾರಪ್ಪಾ ಎಂದು ಅವನನ್ನು ಕೆಳಗೆ ಕರೆದೊಯ್ದಳು.

"ಅವ್ವಾ, ಕೈ ಭಾಳ ನೋಯ್ತದೇನ್ರಿ?"

ಮುದುಕಿ ಬೆಚ್ಚಿದಳು. "ನಿಮಗ ನಮ್ಮ ಮಾತು ಬರ್ತದ?"

"ನಮ್ದೂ ನಿಮ್ಮ ಕಡೀನೇ ಅದರಿ."

ಅವಳ ಮುಖ ಬಿಳಿಚಿತು. "ನಾ ಜಾರಿ ಬಿದ್ದೀನ್ರಿ. ಯಾರೂ ಏನೂ ಮಾಡಿಲ್ಲ."

ನೋಡಿದಿರಾ? ಯಾರಿಗೂ ತಿಳಿಯದೆಂದು ನಿಜ ಆಡಿದವಳು, ತಿಳಿಯುವವಳು ಸಿಕ್ಕ ಕೂಡಲೇ ಸುಳ್ಳಾಡಿದಳು. ನಮ್ಮ ಯೋಜನೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ನಾನು ಒತ್ತಾಯಿಸಲಿಲ್ಲ. ಚಹಾ ಮಾಡಲೇ ಎಂದು ಒಲೆಯ ಕಡೆ ಹೋದೆ.

"ಹಾಲಿಲ್ರಿ. ಕರೀ ಚಾ ನಡೀತದ?"

"ಕರೀದಾದ್ರೂ ಚಾನೇ ಅಲ್ರಿ?"

ಒಂದು ಕ್ಷಣ ನಕ್ಕಳು. ಒಂದೇ ಕೈಯಲ್ಲಿ ಕಪ್ಪು ಹಿಡಿದು, ಕಪ್ಪಿನೊಳಗೇ ನೋಡುತ್ತ ಹೇಳಿದಳು: "ಕೆಡವ್ಯಾನ ಅಂದ್ರ ಪೊಲೀಸರು ಒಯ್ತಾರ. ಸಾಯೋ ಮುದುಕಿ ಸಲುವಾಗಿ ಅವನ ಬಾಳ್ವಿ ಹಾಳು ಮಾಡ್ಲೇನು?"

"ಪೊಲೀಸರದು ಇರ್ಲಿ ಬಿಡ್ರಿ. ನಿಮಗೇನು ಬೇಕು, ಅದನ್ನ ಹೇಳ್ರಿ."

ಅದನ್ನು ಅವಳಿಗೆ ಯಾರೂ ಕೇಳಿರಲಿಲ್ಲವೇನೋ. ಕಪ್ಪು ಕೆಳಗಿಟ್ಟಳು. "ತಳೇಗಾಂವದಾಗ ಮಗಳದಾಳ, ಇವನ ಸೋದರತ್ತಿ. ಫೋನ್ ಇವನ ಕೈಯಾಗ ಇರ್ತದ. ಅಕಿಗಿ ಒಂದು ಮಾತು ಮುಟ್ಟಿಸ್ರಿ."

ಮುಟ್ಟಿಸಿದೆವು. ಮಗಳು ಕಾರ್ಖಾನೆಯ ಪಾಳಿ ಮುಗಿಸಿ ಹಾಗೇ ಓಡಿಬಂದಳು. ಎಲ್ಲರೂ ಕೂಡಿ ಆಸ್ಪತ್ರೆಗೆ ಹೋದೆವು. ಏನಾಯಿತೆಂದು ಡಾಕ್ಟರು ಮರಾಠಿಯಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ದಾಟಿಸಿದಾಗ ನಾಗಮ್ಮ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಕೆಡವ್ಯಾನ ಅಂತ ಹೇಳ್ರಿ," ಎಂದಳು.

ಹೇಳಿದೆ. ಬಾಯಿ ಒಣಗಿತ್ತು, ಆದರೂ ಹೇಳಿದೆ. ಪೊಲೀಸ್ ದೂರು ಕೊಡೋಣ ಎಂದು ಸುಲಭಾತಾಯಿ ಹಟ ಹಿಡಿದಳು. ನಾಗಮ್ಮ ಈಗ ಬೇಡ ಎಂದಳು. ಈ ಒಂದು ಮಾತಾದರೂ ಅವಳದೇ ನಡೆಯಲಿ ಎಂದು ನಾನೆಂದೆ.

ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತೆ. ಹಿರಿಯರನ್ನು ಕೇಳುವಾಗ ಮನೆಯವರು ಹೊರಗಿರಲಿ, ಹಿರಿಯರ ಮಾತು ಬಲ್ಲವರು ಒಳಗಿರಲಿ, ಒಂದೇ ಭೇಟಿಗೆ ನಿಲ್ಲಿಸುವುದು ಬೇಡ ಎಂದಷ್ಟೇ ಹೇಳಿ ಕೂತೆ. "ಗಪ್ಪ ಆಜಿ ಬೋಲಲೀ!" ಬಾಯಿ ಬಿಡದ ಅಜ್ಜಿ ಮಾತಾಡಿದಳು ಎಂದು ಸುಲಭಾತಾಯಿ ಕೂಗಿದಳು. ಯಾರೂ ನಗಲಿಲ್ಲ.

ನಾಗಮ್ಮ ಈಗ ಮಗಳ ಹತ್ತಿರ ಇದ್ದಾಳೆ. ಹೊರಟ ದಿನ ಮೊಮ್ಮಗ ಗೇಟಿನ ಬಳಿ ತಲೆತಗ್ಗಿಸಿ ನಿಂತಿದ್ದ. ಆಟೋದೊಳಗಿಂದ ಅವನನ್ನೇ ನೋಡುತ್ತ ಅವಳು ಅಂದಳು: "ಇವನಿಗಿ ಇನ್ ರೊಟ್ಟಿ ಯಾರು ಬಡೀತಾರ?"

ಏನಂದಳು ಎಂದು ಸುಲಭಾತಾಯಿ ಕೇಳಿದಳು. ಒಂದಕ್ಷರವೂ ಬದಲಿಸದೆ ಹೇಳಿದೆ. ಅವಳು ಕಣ್ಣೊರೆಸಿಕೊಂಡಳು.

(ನನ್ನ ಮನೆಯ ಮಕ್ಕಳೇ, ನೀವೂ ಇದನ್ನು ಓದುತ್ತೀರಿ. ಮೊನ್ನೆ ನನ್ನ ಮೊಣಕಾಲಿನ ಡಾಕ್ಟರು ನನ್ನನ್ನು ಕೇಳಿದ್ದಕ್ಕೆಲ್ಲ ನೀವೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿರಿ. ಪ್ರೀತಿಯಿಂದಲೇ ಕೊಟ್ಟಿರಿ, ಬಲ್ಲೆ.)

ಆದರೂ ಒಂದು ಮಾತು ಕೇಳುತ್ತೇನೆ, ಮಕ್ಕಳೇ. ಹೇಗಿದ್ದೀರಿ ಅಜ್ಜಿ ಎಂದು ಯಾರಾದರೂ ಕೇಳಿದರೆ, ನಿಮ್ಮ ಮನೆಯಲ್ಲಿ ಉತ್ತರ ಕೊಡುವವರು ಯಾರು?