ಮೊದಲು ನಿಲ್ಲಬೇಕು: ಉಮದಿಯ ಸರದಾರರ ಗ್ಯಾರೇಜು

ಹೊತ್ತು ಇನ್ನೂ ಮೂಡಿಲ್ಲ. ಉಮದಿಯ ಗ್ಯಾರೇಜಿನ ಮುಂದೆ ವಿಜಯಪುರದ ಕಡೆ ಹೋಗುವ ಜೀಪುಗಳು ಸಾಲುಗಟ್ಟಿವೆ. ಮೇಸ್ತ್ರಿ ಸರದಾರ ಅವರು ಗೋಣಿಚೀಲ ಹಾಸಿಕೊಂಡು ಮೊದಲ ಜೀಪಿನ ಕೆಳಗೆ ಮಲಗಿದ್ದಾರೆ. ಹೊರಗೆ ಕಾಣುವುದು ಎರಡು ಪಾದ ಮಾತ್ರ. "ಒತ್ತು... ಬಿಡು... ಮತ್ತೊಮ್ಮಿ ಒತ್ತು," ಎಂದು ದನಿ ಕೆಳಗಿನಿಂದ ಬರುತ್ತದೆ. ಡ್ರೈವರು ಬ್ರೇಕು ಒತ್ತುತ್ತಾನೆ, ಬಿಡುತ್ತಾನೆ. ಕೆಳಗಿನಿಂದ "ಹೂಂ" ಅನ್ನುವ ತನಕ ಒಬ್ಬ ಪ್ರಯಾಣಿಕನನ್ನೂ ಹತ್ತಿಸಿಕೊಳ್ಳುವುದಿಲ್ಲ. ಯಾರು ಮಾಡಿದ ಕಾಯಿದೆಯೋ ಗೊತ್ತಿಲ್ಲ, ಇಲ್ಲಿನ ರೂಢಿ ಹಾಗೆ.

ಈ ವಾರ ಜೀಪುಗಳ ನಡುವೆ ಅರಿಶಿನ ಬಣ್ಣದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರೊಂದು ನಿಂತಿದೆ. ಎಮ್ಮೆಗಳ ಹಿಂಡಿನಲ್ಲಿ ಜಿಂಕೆ ಹೊಕ್ಕಂತೆ! ಅಸಂಗಿಯ ದಾಳಿಂಬೆ ವ್ಯಾಪಾರಿ ಶ್ರೀಶೈಲಪ್ಪನವರ ಮಗ ಅನಿಲ ಪುಣೆಯಿಂದ ತಂದ ಹಳೆಯ ಗಾಡಿ. ಬರುವ ರವಿವಾರ ಕೊಲ್ಲಾಪುರದಾಚೆಯ ಘಾಟಿನಲ್ಲಿ ಗುಡ್ಡ ಏರುವ ಕಾರುಗಳ ಪಂದ್ಯವಿದೆ. ಅನಿಲನಿಗೆ ಅದರಲ್ಲಿ ಓಡಿಸಬೇಕು. ಎಂಜಿನ್ ಬಿಚ್ಚದೆ, ಬೋಲ್ಟು ಬಿಗಿದು ಕೂರಿಸುವಂಥ ಸಾಮಾನುಗಳಲ್ಲೇ ಗಾಡಿಗೆ ಜೋರು ಬರಬೇಕು. ದೊಡ್ಡ ಬಾಯಿಯ ಸೈಲೆನ್ಸರು, ತೆರೆದ ಏರ್ ಫಿಲ್ಟರು, ಗಾಡಿಯನ್ನು ನೆಲಕ್ಕೆ ತಗ್ಗಿಸುವ ಸ್ಪ್ರಿಂಗು. ಅವನ ಆಸೆ ಸಣ್ಣದೇನಲ್ಲ.

ಸರದಾರ ಅವರ ಲೆಕ್ಕವೇ ಬೇರೆ. "ಮೊದಲ ಟೈರು, ಆಮ್ಯಾಲ ಬ್ರೇಕ್ ಪ್ಯಾಡು, ಬ್ರೇಕ್ ಆಯಿಲು. ಜೋರು ಕಡೀಕ. ಫಿಲ್ಟರು ಡಬ್ಬಿ ಒಳಗಿನದ ಇರಲಿ, ನಮ್ಮ ಧೂಳು ಹೊಟ್ಟೀಗೆ ಹೋದ್ರ ಎಂಜಿನ್ ಎರಡ ದಿನದಾಗ ಕೆಮ್ಮತೈತಿ," ಎನ್ನುತ್ತಾರೆ. ಸ್ಪ್ರಿಂಗಿನ ಮಾತಿಗೆ ನಗುತ್ತಾರೆ: "ಉಟಗಿ ರಸ್ತಾದಾಗ ಗಾಡಿ ತಗ್ಗಿಸಿದ್ರ ಹೊಟ್ಟಿ ಮ್ಯಾಲ ತೆವಳಬೇಕಾಗ್ತದ." ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಬ್ರೇಕು ಸವೆದ ಗಾಡಿಗೆ ಸೈಲೆನ್ಸರು ಹಾಕುವುದೂ ಅಷ್ಟೇ.

ಈ ವಿವೇಕ ತಂದೆಯ ಬಳುವಳಿ. ಅವರ ಅಬ್ಬಾ ಹತ್ತಿರದ ಉಟಗಿಯಲ್ಲಿ ಎತ್ತುಗಳ ಕಾಲಿಗೆ ನಾಲು, ಅಂದರೆ ಲಾಳ, ಬಡಿಯುತ್ತಿದ್ದರು. "ನಾಲು ಬಡಿಯಾಕ ಎತ್ತು ಕೆಡವೂ ಮೊದಲ ಅಬ್ಬಾ ಒಂದ ಮಾತು ಕೇಳತಿದ್ರು: ಇದು ಯಾವ ಹಾದಿ ನಡಿತೈತಿ? ಕಲ್ಲಿನ ಹಾದಿ ಎತ್ತಿಗಿ ಒಂದು ನಾಲು, ಮಣ್ಣಿನ ಹಾದೀಗೆ ಒಂದು." ಎತ್ತುಗಳು ಕಡಿಮೆಯಾದವು, ಟ್ರ್ಯಾಕ್ಟರು ಬಂತು. ಶಾಲೆ ಬಿಟ್ಟ ಸರದಾರ ಮಿರಜಿಗೆ ಹೋಗಿ ಗ್ಯಾರೇಜೊಂದರಲ್ಲಿ ಪಾನಾ ಹಿಡಿದರು. ಅಲ್ಲಿ ಜ್ಯಾಕು ಜಾರಿ ಎಡಗೈಯ ಕಿರುಬೆರಳು ಹೋಯಿತು. ಉಮದಿಗೆ ಬಂದು ಗ್ಯಾರೇಜು ತೆರೆದಾಗ ಹೆಂಡತಿ ನಜಮಾ ಹೊಲಿಗೆ ಯಂತ್ರ ತುಳಿದು ಮನೆ ನಡೆಸಿದರು. ಇಂದಿಗೂ ಯಾವ ಗಾಡಿಯ ಕಂಪನಿ ಸಾಮಾನು ಬಿಚ್ಚಿದರೂ ಸರದಾರ ಅದನ್ನು ನಜಮಾ ಹೊಲಿದ ಹಳೆಯ ಕೌದಿಯಲ್ಲಿ ಸುತ್ತಿ ಜೋಪಾನ ಮಾಡುತ್ತಾರೆ. ಮತ್ತೆ ಬೇಕಾದರೆ ಇರಲಿ ಎಂದು.

ಕಾರಿಗೆ ಟೈರು, ಬ್ರೇಕು ಆಯಿತು. ಅನಿಲ ಮಾತ್ರ ಸೈಲೆನ್ಸರಿನ ಹಟ ಬಿಡಲಿಲ್ಲ. "ಚಾಚಾ, ನೀವು ಹಾಕ್ಲಿಲ್ಲಂದ್ರ ಕೊಲ್ಲಾಪುರದಾಗ ಹಾಕಸ್ತೀನಿ," ಅಂದ. ಬಂದ ಗಾಡಿ ಕೈಬಿಟ್ಟು ಹೋದೀತೆಂದು ಸರದಾರ ಸೋತರು. ಕಂಪನಿ ಸೈಲೆನ್ಸರಿನ ಕೆಳಗೆ ಶಾಖ ತಡೆಯುವ ತಗಡಿತ್ತು, ಹೊಸದಕ್ಕೆ ಅದು ಕೂರಲಿಲ್ಲ. ನಾಳೆ ಒಂದು ಕತ್ತರಿಸಿ ಹಾಕಿದರಾಯಿತೆಂದು ಬುಧವಾರ ಅದೇ ಗಾಡಿಯನ್ನು ಓಡಿಸಿ ನೋಡಲು ಉಟಗಿಯತ್ತ ಒಬ್ಬರೇ ಹೊರಟರು.

ಅದು ಹುರುಳಿ ಒಕ್ಕುವ ಕಾಲ. ಉಟಗಿಯ ಸಾವಿತ್ರೆವ್ವ ಎಲ್ಲರಂತೆ ಬಳ್ಳಿಯನ್ನು ಡಾಂಬರಿನ ಮೇಲೆ ಹರವಿದ್ದರು. ಹೋಗಿಬರುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಹುಟ್ಟಿದಾಗಿನಿಂದ ಕಂಡ ನೋಟ ಅದು, ಆದರೆ ಸರದಾರ ಅವರ ಕಿವಿ ಎಂಜಿನಿನ ಮೇಲಿತ್ತು. ಒಣಬಳ್ಳಿ ಕಾದ ಸೈಲೆನ್ಸರಿಗೆ ಸುತ್ತಿಕೊಂಡು ಹೊಗೆಯೆದ್ದು ಕಿಡಿ ಹೊತ್ತಿತು. ನಿಲ್ಲಿಸಿ ಇಳಿದು ಓಡಬಹುದಿತ್ತು. ಓಡಿದ್ದರೆ ಸಾವಿತ್ರೆವ್ವನ ವರ್ಷದ ಹುರುಳಿ ಬೂದಿಯಾಗುತ್ತಿತ್ತು. ಹೊಗೆಯ ನಡುವೆಯೇ ಗಾಡಿಯನ್ನು ಹಾಸಿನಾಚೆಯ ಬರಡು ನೆಲಕ್ಕೆ ಒಯ್ದು ನಿಲ್ಲಿಸಿದರು. ಸಾವಿತ್ರೆವ್ವ ಓಡಿಬಂದು ಬೊಗಸೆಬೊಗಸೆ ಮಣ್ಣೆರಚಿದರು. ಬೆಂಕಿ ಆರಿತು. "ಒಕ್ಕಿ ಕೊಡು ಅಂದ್ರ ಸುಟ್ಟು ಕೊಡಾಕ ಬಂದೀಯೇನೋ ತಮ್ಮಾ?" ಎಂದು ಬೈದು, ಆಮೇಲೆ ಸರದಾರರನ್ನು ಕೂರಿಸಿ ನೀರು ಕೊಟ್ಟರು.

"ಹಾದಿ ಕೇಳು ಅಂತ ಅಬ್ಬಾ ಹೇಳಿದ್ರು. ನಾ ಕೇಳಲಿಲ್ರಿ," ಎನ್ನುವಾಗ ಸರದಾರ ಅವರ ದನಿ ಕುಗ್ಗುತ್ತದೆ. ಅವತ್ತು ಸಂಜೆ ಅಸಂಗಿಗೆ ತಾವೇ ಹೋಗಿ ಶ್ರೀಶೈಲಪ್ಪನವರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದರು. ಅನಿಲ ಸಿಟ್ಟಿನಲ್ಲಿ ಗ್ಯಾರೇಜಿಗೆ ಬಂದವನು ಸೈಲೆನ್ಸರಿಗೆ ಅಂಟಿದ್ದ ಸುಟ್ಟ ಬಳ್ಳಿ ನೋಡಿ ಮೆತ್ತಗಾದ. ತಾನೇ ಕೌದಿ ಬಿಚ್ಚಿ ಹಳೆಯ ಸೈಲೆನ್ಸರು ಹೊರತೆಗೆದ. "ಇದನ್ನ ಹಾಕ್ರಿ ಚಾಚಾ. ತಗಡ ಸಹಿತ," ಅಂದ.

ಇವತ್ತು ಶುಕ್ರವಾರ, ಕಾರು ಹೊರಡುತ್ತದೆ. ಹೊರಡುವ ಮುನ್ನ ಅದೂ ಜೀಪಿನ ಸಾಲಿನಲ್ಲೇ ನಿಲ್ಲಬೇಕು. ಜ್ಯಾಕಿನ ಮೇಲೇರಿದ ಗಾಡಿಯ ಕೆಳಗಿನಿಂದ "ಒತ್ತು... ಬಿಡು..." ಕೇಳುತ್ತದೆ, ಅನಿಲ ಒತ್ತುತ್ತಾನೆ. "ಹೂಂ" ಬಂದ ಮೇಲೆಯೇ ಕೊಲ್ಲಾಪುರದ ದಾರಿ ಹಿಡಿಯುತ್ತಾನೆ.

ಪಂದ್ಯ ನೋಡಲು ಹೋಗುವುದಿಲ್ಲವೇ ಎಂದರೆ ಸರದಾರ ಜೀಪುಗಳ ಕಡೆ ಕೈ ತೋರಿಸುತ್ತಾರೆ. ರವಿವಾರವೂ ಇವು ಓಡಬೇಕಲ್ಲ. "ಗುಡ್ಡ ಏರೂದು ಎಲ್ಲಾರೂ ವಿಡಿಯೋ ಮಾಡ್ತಾರ್ರಿ. ನನಗ ಇಳಿಯೂದು ಒಂದ ಕಳಸು ಅಂದೀನಿ ಅನಿಲಗ," ಎಂದು ಕೈ ಒರೆಸಿಕೊಳ್ಳುತ್ತಾರೆ. "ಚಪ್ಪಾಳಿ ಏರಿದ್ದಕ್ಕ ಬೀಳಲಿ. ಇಳಿಜಾರದಾಗ ಗಾಡಿ ನಿಂತಿದ್ದು ಕಂಡ್ರ ಸಾಕು. ಅದು ನನ್ನ ಕೆಲಸ."