ಒಂಟೆಯಿಲ್ಲದ ಮರಳು

ಬೇಸಿಗೆಯ ಪ್ರದರ್ಶನಕ್ಕೆ ನಮ್ಮ ಚಿತ್ರಕಲೆಯ ಸರ್ ಕೊಟ್ಟ ವಿಷಯ ಮರುಭೂಮಿ. ರಾಯಚೂರಿನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ತರಗತಿ ನಡೆಯುತ್ತದೆ, ಪ್ರದರ್ಶನವೂ ಅಲ್ಲೇ. ಉಳಿದವರೆಲ್ಲ ಮೊಬೈಲ್ ನೋಡಿ ಬಿಡಿಸಿದರು. ದಿನಚರಿಯಲ್ಲಿ ಎಲ್ಲವನ್ನೂ ಎಣಿಸಿ ಬರೆಯುವ ಚಾಳಿ ನನ್ನದು: ಹತ್ತು ಚಿತ್ರ, ಹದಿನಾಲ್ಕು ಒಂಟೆ.

ನಾನು ಮರುಭೂಮಿ ನೋಡಿಲ್ಲ. ಮರಳು ನೋಡಿದ್ದೇನೆ. ಏಪ್ರಿಲ್‌ನಲ್ಲಿ ಚೀಕಲಪರ್ವಿಯ ದಂಡೆಯಲ್ಲಿ ನಿಂತರೆ ತುಂಗಭದ್ರೆ ಇರಬೇಕಾದಲ್ಲಿ ಮರಳೇ ಮರಳು. ಮಾನ್ವಿಯಲ್ಲಿ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಯಲ್ಲಿ ಉಳಿದುಕೊಂಡು ಐದು ಭಾನುವಾರ ಅಲ್ಲಿಗೆ ಹೋದೆ.

ಮೊದಲ ಮೂರು ವಾರ ಬಣ್ಣ ಕೂಡಲಿಲ್ಲ. ಹಳದಿ ಬಳಿದರೆ ಮರಳು ಹಿಟ್ಟಿನಂತೆ ಕಂಡಿತು. ಆಮೇಲೆ ದಿನಚರಿಯಲ್ಲಿ ಹೋದ ಡಿಸೆಂಬರಿನ ಪುಟ ತೆಗೆದೆ. ದೇವದುರ್ಗಕ್ಕೆ ಹೋಗುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ಕಂಡ ತೊಗರಿಯ ಬಣ್ಣ ಅಲ್ಲಿತ್ತು: ತುದಿಯಲ್ಲಿ ಹಳದಿ, ಕಾಯಿಯ ಮೇಲೆ ಕಂದುಗೆಂಪು ಗೀರು, ಉದುರಿದ ಎಲೆ ತಾಮ್ರ. ಎಲೆ ಉದುರುವ ಕಾಲ ನಮ್ಮಲ್ಲಿಲ್ಲ, ಇಲ್ಲಿರುವುದು ಬಿಸಿಲು ಮತ್ತು ಭಾಳ ಬಿಸಿಲು ಎಂದು ಸರ್ ನಗುತ್ತಿದ್ದರು. ಆ ತಾಮ್ರವನ್ನು ಸಂಜೆಯ ಮರಳಿಗೆ ಹಾಕಿದೆ. ಹೊಳೆ ಎದ್ದು ಕೂತಿತು.

ಕೊನೆಯ ಭಾನುವಾರ ಚಿತ್ರವನ್ನು ಚಿಗವ್ವನ ಪಡಸಾಲೆಯಲ್ಲಿ ಒರಗಿಸಿ ಕೈ ತೊಳೆಯಲು ಹೋದೆ. ಬರುವಷ್ಟರಲ್ಲಿ ಅದರ ಮೇಲೆ ಮೂರು ಬೆರಳಿನ ವಿಭೂತಿ.

"ಚಿಗವ್ವಾ, ಬಣ್ಣ ಇನ್ನಾ ಹಸಿ ಅದ."

"ಹೊಸಾದು ಮನಿಗಿ ಬಂದ್ರ ಹಂಗ ಬಿಡತಾರೇನು? ನಿನ್ನ ಸೈಕಲ್ಲಿಗೂ ಹಚ್ಚೀನಿ. ಹಸಿ ಇದ್ರ ಛಲೋ ಹಿಡಿತದ ತಗೋ."

ಹಿಡಿದೇ ಬಿಟ್ಟಿತ್ತು. ಬಟ್ಟೆಯಿಂದ ಒರೆಸಲು ಹೋದವಳು ಕೈ ತಡೆದೆ. ಬತ್ತಿದ ಹೊಳೆಯ ನಡುವೆ ಆ ಮೂರು ಬಿಳಿ ಗೆರೆಗಳು, ಉಳಿದುಕೊಂಡ ನೀರಿನಂತೆ ಕಂಡವು. ಹಾಗೇ ಬಿಟ್ಟೆ.

ಪ್ರದರ್ಶನದ ಬೆಳಿಗ್ಗೆ ಸರ್ ಚಿತ್ರವನ್ನು ದೂರ ಹಿಡಿದು ನೋಡಿದರು.

"ಏನವಾ, ನಿನ್ನ ಮರುಭೂಮಿ ಗುಡಿಗಿ ಹೊಂಟದೇನು?"

ಎಲ್ಲರೂ ನಕ್ಕರು. ಅವರೇ ಮುಂದುವರಿಸಿದರು: "ಅಲ್ಲೊಂದು ಒಂಟಿ ಹಾಕು. ಗೆರಿ ಮುಚ್ಚಿ ಹೋಗತಾವು."

"ಇಲ್ರೀ ಸರ್."

"ಒಂಟಿ ಇಲ್ದ ಇದು ಮರುಭೂಮಿ ಅಂತ ಮಂದಿಗಿ ಹ್ಯಾಂಗ ತಿಳೀಬೇಕು?"

"ಚೀಕಲಪರ್ವಿ ಮಂದಿಗಿ ತಿಳಿತದ್ರಿ."

"ಅವರು ಇಲ್ಲಿಗಿ ಬರಂಗಿಲ್ಲ."

"ಒಂಟಿನೂ ಅಲ್ಲಿಗಿ ಬರಂಗಿಲ್ರಿ."

ಸರ್ ಚಿತ್ರವನ್ನು ನನ್ನ ಕೈಗೆ ಕೊಟ್ಟರು. "ಹಂಗಾರ ಗ್ವಾಡಿಗಿ ಹಾಕಂಗಿಲ್ಲ. ಈ ಬಾಗಲ ಒಳಗ ನಾ ಹೇಳಿದ್ದು ನಡೀಬೇಕು."

ಐದು ವಾರದ ಕೆಲಸ. ಒಂದು ಸಣ್ಣ ಒಂಟೆ ಹಾಕಿದ್ದರೆ ಅರ್ಧ ತಾಸಿನಲ್ಲಿ ಮುಗಿಯುತ್ತಿತ್ತು. ಕುಂಚವೂ ಚೀಲದಲ್ಲೇ ಇತ್ತು. ನಾನು ಮೊಳೆ, ಸುತ್ತಿಗೆ ತೆಗೆದುಕೊಂಡು ಬಾಗಿಲ ಹೊರಗೆ ಹೋದೆ. ಮೆಟ್ಟಿಲ ಪಕ್ಕದ ಗೋಡೆ ಸರ್ ಅವರದಲ್ಲ, ಕೆಳಗಿನ ಬಟ್ಟೆ ಅಂಗಡಿಯವರದು. ಕೇಳಿದೆ. "ಹೊಡ್ಕೊ ತಂಗಿ, ಸುಣ್ಣ ಉದುರಿಸಬ್ಯಾಡ," ಎಂದರು.

ಪ್ರದರ್ಶನಕ್ಕೆ ಬರಲು ಬೇರೆ ದಾರಿ ಇಲ್ಲ. ಒಳಗಿನ ಒಂಟೆಗಳನ್ನು ನೋಡಬೇಕಾದವರು ಮೊದಲು ನನ್ನ ಹೊಳೆಯನ್ನು ದಾಟಬೇಕಿತ್ತು. ಸಂಜೆ ಬೀಗ ಹಾಕಿ ಇಳಿಯುವಾಗ ಸರ್ ಕೂಡ ಅದರ ಮುಂದೆ ನಿಂತರು.

ಅಂದಿನ ದಿನಚರಿಯಲ್ಲಿ ಇಷ್ಟೇ ಇದೆ: ಒಳಗೆ ಒಂಟೆ ಹದಿನಾಲ್ಕು. ಹೊರಗೆ ಹೊಳೆ ಒಂದು.