ಬಾದಾಮಿ ಕೊರಕಲಿಗೆ ಹೊರಡುವ ತಯಾರಿ

ನವರಾತ್ರಿ ಮುಗಿದ ಮೊದಲ ರವಿವಾರ ಅಪ್ಪ ನನ್ನ ಶಾಲೆಯ ಚೀಲದಿಂದ ಬರೆಯುವ ಖಡು ತೆಗೆದುಕೊಂಡು ನಡುಮನೆಯ ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದ.

"ಇದು ನಮ್ಮ ಶಿಗ್ಗಾಂವಿ. ಇಲ್ಲಿಂದ ಸವಣೂರ, ಆಮ್ಯಾಲ ಲಕ್ಷ್ಮೇಶ್ವರ, ಗದಗ, ರೋಣ. ಇಲ್ಲಿ ಬಾದಾಮಿ," ಎಂದು ಗೆರೆಯ ತುದಿಗೆ ದೊಡ್ಡ ಸೊನ್ನೆ ಬರೆದ.

ಅಪ್ಪ ಪೇಟೆಯ ಕಾಳಿನ ವ್ಯಾಪಾರಿಯೊಬ್ಬರ ಜೀಪು ಓಡಿಸುತ್ತಿದ್ದ. ಹಿಂದೊಮ್ಮೆ ಮೆಣಸಿನಕಾಯಿ ಚೀಲ ಹಾಕಿಕೊಂಡು ಬಾದಾಮಿಗೆ ಹೋದಾಗ, ಊರಾಚೆಯ ಕೆಂಪು ಬಂಡೆಗಳ ನಡುವೆ ಭೂಮಿ ಸೀಳಿದಂತಿರುವ ಆಳವಾದ ಕೊರಕಲುಗಳನ್ನು ಕಂಡು ಬಂದಿದ್ದ. ಅಂದಿನಿಂದ ಅವನ ಬಾಯಲ್ಲಿ ಅದೇ ಮಾತು. ಈಗ ಸಾವ್ಕಾರರು ದೀಪಾವಳಿ ಸೂಟಿಯಲ್ಲಿ ನಾಲ್ಕು ದಿನ ಜೀಪು ಕೊಡಲು ಒಪ್ಪಿದ್ದರು. ಅವ್ವ, ನಾನು, ಆರು ವರ್ಷದ ತಮ್ಮ, ಹಂಸಭಾವಿಯಲ್ಲಿದ್ದ ಅಪ್ಪನ ಅಕ್ಕ ಅಂದರೆ ನಮ್ಮ ಅತ್ತಿ, ಎಲ್ಲರನ್ನೂ ಕರೆದುಕೊಂಡು ಹೋಗುವುದೆಂದು ಅಪ್ಪ ನಿರ್ಧಾರ ಮಾಡಿಬಿಟ್ಟಿದ್ದ.

ಅವ್ವ ಹಾನಗಲ್ಲಿನ ಕೆರೆಯ ದಂಡೆಯಲ್ಲಿ ಹುಟ್ಟಿ ಬೆಳೆದವಳು. ಗದ್ದೆಯ ಬದುವಿಗಿಂತ ಎತ್ತರದ ಜಾಗ ಅವಳಿಗೆ ಸೇರುತ್ತಿರಲಿಲ್ಲ. "ಅಲ್ಲಿ ನೀರ ಇಲ್ಲ ಅಂತೀರಿ, ನೆಳ್ಳ ಇಲ್ಲ ಅಂತೀರಿ, ಕಾಲ ಜಾರಿದ್ರ ಹೆಣಾನೂ ಸಿಗೂದಿಲ್ಲ ಅಂತೀರಿ. ಅಂಥಾ ಊರಿಗೆ ಯಾಕ ಹೋಗ್ಬೇಕ್ರಿ?" ಎಂದಳು.

"ನೋಡಾಕ," ಎಂದ ಅಪ್ಪ.

ನಾನು ಆಗ ಏಳನೇ ಇಯತ್ತೆ, ಮುಲ್ಕಿ ಪರೀಕ್ಷೆಗೆ ಕೂಡುವ ವರ್ಷ. ಅಕ್ಷರ ದುಂಡಗಿತ್ತೆಂದು ಒಯ್ಯಬೇಕಾದ ಸಾಮಾನಿನ ಯಾದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಪಿಪಾಯಿ ನೀರು, ಬಾವಿ ಸೇದುವ ಹಗ್ಗ, ಎರಡು ಕಂದೀಲು, ಹೆಚ್ಚಿನದೊಂದು ಟೈರು, ನಾಲ್ಕು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ. ಅವ್ವ ಬೇಡ ಬೇಡ ಅನ್ನುತ್ತಲೇ ದಿನಕ್ಕೊಂದು ಸಾಮಾನು ಸೇರಿಸುತ್ತಿದ್ದಳು. ಹೆಜ್ಜೇನು ಎದ್ದರೆ ಹೊದ್ದುಕೊಳ್ಳಲು ತಲೆಗೊಂದರಂತೆ ಚಾದರ ಇರಲಿ ಎಂದು ಅವಳೇ ಬರೆಸಿದಳು.

ಆ ದಿನಗಳಲ್ಲೇ ನಾನು ಕೆಲವು ಸಂಗತಿ ಗಮನಿಸತೊಡಗಿದ್ದು. ಊಟಕ್ಕೆ ಕುಳಿತಾಗ ಎಡಗಡೆ ಇಟ್ಟ ತಂಬಿಗೆಗೆ ಅಪ್ಪನ ಕೈ ತಾಗಿ ಅದು ಮೂರು ಸಲ ಉರುಳಿತು. ತಮ್ಮ ಆ ಕಡೆಯಿಂದ ಓಡಿ ಬಂದರೆ ಅಪ್ಪ ಬೆಚ್ಚಿಬೀಳುತ್ತಿದ್ದ. ಬಾಗಿಲ ಎಡಗಂಬಕ್ಕೆ ಭುಜ ಬಡಿದು ಅಲ್ಲಿ ನೀಲಿಗಟ್ಟಿತ್ತು. ಅವ್ವ ಕೇಳಿದರೆ, "ಬಾದಾಮಿ ಧ್ಯಾನದಾಗ ಇದ್ನಿ," ಎಂದು ನಗುತ್ತಿದ್ದ. ನಾನೂ ನಂಬಿದ್ದೆ.

ಮುಂದಿನ ರವಿವಾರ ಅತ್ತಿಯನ್ನು ಒಪ್ಪಿಸಿ ಬರಲು ಅಪ್ಪ ಹಂಸಭಾವಿಗೆ ಹೊರಟ. ಹಿರೇಕೆರೂರಿನ ಕಡೆ ತಲುಪಿಸಬೇಕಾದ ಬೀಜದ ಚೀಲಗಳೂ ಇದ್ದವು. ಜೊತೆಗೆ ನನ್ನನ್ನೂ ಕೂಡಿಸಿಕೊಂಡ. ಹಾನಗಲ್ಲು ದಾಟಿದ ಮೇಲೆ ಮಣ್ಣಿನ ದಾರಿ. ಎರಡೂ ಕಡೆ ಬತ್ತ ಹಳದಿಗೆ ತಿರುಗುತ್ತಿತ್ತು. ಅಪ್ಪ ಶಿಳ್ಳೆ ಹಾಕುತ್ತಿದ್ದ. ಎಡಗಡೆಯ ಹೊಲದ ದಾರಿಯಿಂದ ಒಂದು ಚಕ್ಕಡಿ ಮೆಲ್ಲಗೆ ರಸ್ತೆಗೆ ಏರುತ್ತಿರುವುದು ನನಗೆ ದೂರದಿಂದಲೇ ಕಂಡಿತ್ತು. ಮೇಲೆ ಹೆಂಗಸರು, ಕೂಸುಗಳು ತುಂಬಿದ್ದರು. ಅಪ್ಪ ಈಗ ನಿಧಾನ ಮಾಡುತ್ತಾನೆ, ಈಗ ಮಾಡುತ್ತಾನೆ ಎಂದು ನಾನು ಕಾಯುತ್ತಿದ್ದೆ. ಶಿಳ್ಳೆ ನಿಲ್ಲಲಿಲ್ಲ, ಜೀಪೂ ನಿಧಾನವಾಗಲಿಲ್ಲ.

"ಅಪ್ಪಾ!" ಎಂದು ಕಿರುಚಿದೆ.

ಬ್ರೇಕಿಗೆ ಜೀಪು ಜಾರಿ ಅಡ್ಡ ತಿರುಗಿ ನಿಂತಿತು. ಎತ್ತಿನ ಕೊಂಬು ನನ್ನ ಕಡೆಯ ತಗಡಿಗೆ ಕರ್ರೆಂದು ಗೀರಿತು. ಎತ್ತಿನ ಉಸಿರು ನನ್ನ ಮೊಣಕೈಗೆ ಬಿಸಿಯಾಗಿ ತಾಗಿತು. ಚಕ್ಕಡಿಯಲ್ಲಿ ಕೂಸುಗಳು ಒಟ್ಟಿಗೇ ಅಳತೊಡಗಿದವು.

"ಕಣ್ಣ ಕಾಣ್ಸೂದಿಲ್ಲೇನ ನಿನಗ?" ಎಂದು ಚಕ್ಕಡಿ ಹೊಡೆಯುವವ ಚೀರಿದ.

ಅಪ್ಪ ಎರಡೂ ಕೈ ಮುಗಿದ. ಚಕ್ಕಡಿ ಹೋದ ಮೇಲೆ ಜೀಪನ್ನು ಬೇವಿನ ಗಿಡದ ಕೆಳಗೆ ತಂದು ನಿಲ್ಲಿಸಿ, ಇಳಿದು, ರಸ್ತೆಗೆ ಬೆನ್ನು ಮಾಡಿ ನೆಟ್ಟಗೆ ನಿಂತ.

"ನನ್ನ ಬೆನ್ನ ಹಿಂದಿಂದ ಎಡಗಡೆ ಸುತ್ತಿ ಮುಂದ ಬಾ. ಸಪ್ಪಳಾ ಮಾಡಬ್ಯಾಡ. ನೀ ಕಂಡಕೂಡ್ಲೆ ಹೇಳ್ತೇನಿ."

ನಾನು ಚಪ್ಪಲಿ ಬಿಟ್ಟು ನಡೆದೆ. ಅವನ ಭುಜದ ಸಾಲಿಗೆ ಬಂದೆ. ಸುಮ್ಮನಿದ್ದ. ಕೆನ್ನೆಯ ಸಾಲಿಗೆ ಬಂದೆ. ಅವನ ಎಡಗಣ್ಣು ತೆರೆದೇ ಇತ್ತು, ನನ್ನ ಕಡೆಯೇ ಇತ್ತು, ಆದರೆ ಅದರಲ್ಲಿ ನಾನಿರಲಿಲ್ಲ. ಇನ್ನೆರಡು ಹೆಜ್ಜೆ ಇಟ್ಟು ಮೂಗಿನ ಎದುರಿಗೆ ಬಂದಾಗ, "ಹಾಂ, ಈಗ," ಎಂದ.

ಹಗಲು ಹನ್ನೊಂದರ ಬಿಸಿಲಿನಲ್ಲಿ ನಾನು ಬಿಟ್ಟ ಚಪ್ಪಲಿ ಹುಡುಕಿ ಮೆಟ್ಟಿಕೊಂಡೆ.

"ಎಷ್ಟ ದಿನದಿಂದ, ಅಪ್ಪಾ?"

"ಬ್ಯಾಸಗಿಯಿಂದ. ಬಲಗಣ್ಣ ಛಲೋ ಐತಿ." ಗಿಡದ ಬುಡದಲ್ಲಿ ಕುಳಿತು ಬೀಡಿ ತೆಗೆದ, ಹಚ್ಚಲಿಲ್ಲ. "ಸಾವ್ಕಾರ್ರಿಗೆ ಗೊತ್ತಾದ್ರ ನಾಳೆನ ಕೆಲಸಾ ಹೋಕ್ಕೈತಿ. ಅವ್ವಗ ಹೇಳಬ್ಯಾಡ. ಒಂದ ಸಲ ನಿಮ್ಮನ್ನೆಲ್ಲಾ ಬಾದಾಮಿಗೆ ಕರಕೊಂಡು ಹೋಗಿ ಬರ್ತೇನಿ. ಬಂದಮ್ಯಾಲ ನಾನ ಬಿಡ್ತೇನಿ. ನೀ ಎಡಕ್ಕ ಕುಂತಿರ್ತಿ. ಆ ಕಡೆ ನೀ ನೋಡು."

ಅಲ್ಲೇ ಸನ್ನೆಗಳನ್ನು ಗೊತ್ತುಮಾಡಿದ. ಅವನ ಅಂಗಿಯ ತೋಳನ್ನು ಒಂದು ಸಲ ಜಗ್ಗಿದರೆ ಗಾಡಿ, ಎರಡು ಸಲ ಜಗ್ಗಿದರೆ ಮನುಷ್ಯರು ಇಲ್ಲವೇ ದನ, ಹಿಡಿದು ಬಿಡದಿದ್ದರೆ ನಿಲ್ಲಿಸಬೇಕು. ನಾನು ತಲೆಯಾಡಿಸಿದೆ. ಅಪ್ಪ ನನ್ನನ್ನು ಏನಾದರೂ ಬೇಡಿಕೊಂಡದ್ದು ಅದೇ ಮೊದಲು.

ಹಂಸಭಾವಿಯಲ್ಲಿ ಅತ್ತಿ ಒಂದೇ ಮಾತಿಗೆ ಒಪ್ಪಿದಳು. "ನೀ ಹೊಡಿಯೋ ಗಾಡಿ ಅಂದ್ರ ನನಗೇನ ಅಂಜಿಕಿ ತಮ್ಮಾ," ಎಂದಳು. ನಾನು ಹಿತ್ತಲಿಗೆ ಹೋಗಿ ತಿಂದದ್ದನ್ನೆಲ್ಲ ಕಕ್ಕಿದೆ.

ಮುಂದಿನ ದಿನಗಳು ಹೇಗೆ ಹೋದವೋ. ಮನೆಯಲ್ಲಿ ತಯಾರಿ ಜೋರಾಗಿ ನಡೆದಿತ್ತು. ಅವ್ವನೂ ಮೆತ್ತಗಾಗಿದ್ದಳು, ಶೇಂಗಾ ಹುರಿಯುತ್ತ ಹಾಡಿನ ಧಾಟಿಯೊಂದನ್ನು ಗುನುಗುತ್ತಿದ್ದಳು. ನಾನು ಶಾಲೆಯಲ್ಲಿ ಹಲಗೆಯ ಕಡೆ ನೋಡುತ್ತಿದ್ದರೂ ಯಾರು ಎಲ್ಲಿ ಕೂಡುತ್ತಾರೆಂದೇ ಯೋಚಿಸುತ್ತಿದ್ದೆ. ಹಿಂದೆ ಅತ್ತಿ, ಅವಳ ಪಕ್ಕದಲ್ಲಿ ಅವ್ವ, ಅವ್ವನ ತೊಡೆಯ ಮೇಲೆ ತಮ್ಮ. ನನಗೆ ತೂಕಡಿಕೆ ಬಂದರೆ? ಕಣ್ಣಿಗೆ ಧೂಳು ಬಿದ್ದರೆ? ಅಪ್ಪ ಹೇಳುತ್ತಿದ್ದ ಆ ಕೊರಕಲಿನ ಅಂಚಿನ ದಾರಿಯಲ್ಲಿ ಕೊರಕಲು ಎಡಕ್ಕೇ ಇದ್ದರೆ? ಅದಕ್ಕೆ ನಮ್ಮಲ್ಲಿ ಸನ್ನೆಯೇ ಇರಲಿಲ್ಲ. ಒಮ್ಮೆ ಗುರುಗಳು ನನ್ನನ್ನು ಎಬ್ಬಿಸಿ ಪ್ರಶ್ನೆ ಕೇಳಿದರು. ಪಕ್ಕದ ಹುಡುಗಿಯ ತೋಳನ್ನು ನಾನು ಗಟ್ಟಿಯಾಗಿ ಹಿಡಿದಿದ್ದೆನೆಂದು ಅವಳು ಅತ್ತಾಗಲೇ ನನಗೆ ತಿಳಿದದ್ದು.

ಒಂದು ದಿನ ಅವ್ವನಿಗೆ ಹೇಳಲು ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. "ಅವ್ವಾ," ಎಂದೆ. "ಏನ?" ಎಂದಳು. "ಅಪ್ಪಗ..." ಎಂದು ನಿಲ್ಲಿಸಿ, "ಅಪ್ಪಗ ಇನ್ನೊಂದ ರೊಟ್ಟಿ ಬೇಕಂತ," ಎಂದುಬಿಟ್ಟೆ. ಉಂಡೆದ್ದು ಹೋಗಿದ್ದ ಅಪ್ಪನಿಗೆ ಇನ್ನೊಂದು ರೊಟ್ಟಿ ಯಾಕೆಂದು ಅವಳು ನನ್ನ ಮುಖ ನೋಡಿದಳು.

ಹೊರಡಲು ಐದು ದಿನ ಉಳಿದಿದ್ದವು. ಜೀಪಿನ ಮೇಲಿನ ತಾಡಪತ್ರಿ ಹರಿದಿತ್ತು. ಅದನ್ನು ಹೊಲಿಯುವವರು ಸವಣೂರಿನಲ್ಲಿದ್ದರು. ದಾರಿಯನ್ನೂ ಒಮ್ಮೆ ನೋಡಿದಂತಾಯಿತೆಂದು ಅಪ್ಪ ಹೊರಟ. ತಮ್ಮ ಹಟ ಮಾಡಿ ಹಿಂದೆ ಹತ್ತಿದ. ನಾನು ಎಡಕ್ಕೆ ಕುಳಿತೆ. ಬಲಗೈ ಅಪ್ಪನ ತೋಳಿನ ಹತ್ತಿರವೇ ಇತ್ತು. ದಾರಿಯುದ್ದಕ್ಕೂ ಜಗ್ಗಿದೆ, ಎರಡು ಸಲ ಜಗ್ಗಿದೆ, ಒಮ್ಮೆ ಎಮ್ಮೆಗಳ ಹಿಂಡು ಬಂದಾಗ ಹಿಡಿದು ನಿಲ್ಲಿಸಿದೆ. ಅಪ್ಪ ಪ್ರತಿ ಸಲ, "ಶಾಬಾಸ್," ಎನ್ನುತ್ತಿದ್ದ. ಕಣ್ಣು ಮಿಟುಕಿಸದೆ ನೋಡಿ ನೋಡಿ ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಸವಣೂರು ಬಂತು. ಬಲಗಡೆ ಗೋಡೆಯಾಚೆ ಆ ಊರಿನ ದೊಡ್ಡಹುಣಸೆ ಮರಗಳು ಕಾಣಿಸಿದವು.

"ಅಕ್ಕಾ! ಅಲ್ಲಿ ನೋಡ, ಆನಿಯಂಥಾ ಗಿಡಾ!" ಎಂದು ತಮ್ಮ ಕೂಗಿದ.

ನಾನು ತಿರುಗಿದೆ. ಅಷ್ಟೇ. ಒಂದು ಉಸಿರಿನಷ್ಟು ಹೊತ್ತು.

ಧಪ್ಪೆಂದು ಸಪ್ಪಳವಾಯಿತು. ಜೀಪು ನಿಂತಿತು. ನಾನು ಎಡಕ್ಕೆ ನೋಡಿದರೆ ಗಾಳಿಯಲ್ಲಿ ಹಸಿರು ಎಲೆಗಳು ಹಾರುತ್ತಿದ್ದವು. ರಸ್ತೆಯ ಅಂಚಿಗೆ ಒಂದು ಬುಟ್ಟಿ ಬೋರಲಾಗಿ ಬಿದ್ದಿತ್ತು, ಅದರಾಚೆ ಮುದುಕಿಯೊಬ್ಬಳು ಕಾಲು ಚಾಚಿ ನೆಲಕ್ಕೆ ಕುಳಿತಿದ್ದಳು. ವೀಳ್ಯದೆಲೆ ಮಾರುವಾಕೆ. ತಲೆಯ ಮೇಲಿನ ಸೆರಗು ಜಾರಿ ಬಿಳಿ ಕೂದಲು ಕಾಣುತ್ತಿತ್ತು.

ನಾನು ಹಾರಿ ಇಳಿದೆ. ಅವಳು ಸತ್ತಳೆಂದೇ ತಿಳಿದಿದ್ದೆ. ಅವಳು ಮೊಣಕೈಯ ಮಣ್ಣು ಒರೆಸಿಕೊಂಡು, ಕಾಲನ್ನು ಮಡಚಿ ಬಿಚ್ಚಿ ನೋಡಿಕೊಂಡು, "ಬುಟ್ಟಿಗೆ ಬಡೀತು, ನನಗಲ್ಲ. ಯಾ ಅಲ್ಲಾ," ಎಂದಳು. ಆಮೇಲೆ ನನ್ನ ಮುಖ ನೋಡಿದಳು. ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು.

"ಅರೆ ಬೇಟಿ, ಬಿದ್ದಾಕಿ ನಾನು. ನೀ ಯಾಕ ಇಷ್ಟ ನಡಗಾಕತ್ತಿ?"

"ನಂದ ತಪ್ಪು," ಎಂದೆ. "ನಾ ನೋಡಲಿಲ್ಲ. ನಾ ಆ ಕಡೆ ತಿರುಗಿದ್ನಿ. ನಂದ ತಪ್ಪು." ಮತ್ತೆ ಮತ್ತೆ ಅದನ್ನೇ ಹೇಳಿದೆ. ನಿಲ್ಲಿಸಲು ಆಗಲಿಲ್ಲ.

ಮುದುಕಿಗೆ ಅರ್ಥವಾಗಲಿಲ್ಲ. "ನಿಂದ್ಯಾಕ ತಪ್ಪು? ಗಾಡಿ ನೀ ಹೊಡೀತಿದ್ದೇನು?"

ಅಪ್ಪ ಅಷ್ಟರಲ್ಲಿ ಸುತ್ತಿ ಬಂದು ನನ್ನ ಹಿಂದೆ ನಿಂತಿದ್ದ. ಆ ಮಾತು ಅವನಿಗೂ ಕೇಳಿಸಿತು. ಅವನು ಮುದುಕಿಯ ಎದುರು ಮಣ್ಣಿನಲ್ಲೇ ಕುಕ್ಕರಗಾಲಲ್ಲಿ ಕುಳಿತ. "ಇಲ್ಲ ಯವ್ವಾ," ಎಂದ. "ಹೊಡಿಯಾವ ನಾನು. ನನಗ ಈ ಕಣ್ಣ ಕಾಣ್ಸೂದಿಲ್ಲ." ಎಡಗಣ್ಣನ್ನು ಬೆರಳಿನಿಂದ ತೋರಿಸಿದ. ನನ್ನನ್ನು ಬಿಟ್ಟರೆ ಅದನ್ನು ಅವನು ಮೊದಲು ಹೇಳಿದ್ದು ಮನೆಯವರಿಗಲ್ಲ, ಹೆಸರೂ ಗೊತ್ತಿಲ್ಲದ ಎಲೆಯ ಮುದುಕಿಗೆ.

ಅವಳು ಅವನನ್ನೇ ನೋಡಿದಳು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. "ಮತ್ತ ಯಾಕ ಹೊಡೀತಿಯೋ ಯಪ್ಪಾ," ಎಂದಳು, ಅಷ್ಟೇ. ಎಲೆಗಳನ್ನು ಆರಿಸಲು ಬಾಗಿದಳು. ನಾವು ಮೂವರೂ ಆರಿಸಿದೆವು. ತಮ್ಮ ಒಂದೊಂದೇ ಎಲೆಯನ್ನು ಅಂಗಿಗೆ ಒರೆಸಿ ಕೊಡುತ್ತಿದ್ದ. ಹಾಳಾದ ಎಲೆಗಳಿಗೆ ಅಪ್ಪ ಜೇಬಿನಲ್ಲಿದ್ದುದನ್ನು ಕೊಟ್ಟ.

ಆಮೇಲೆ ಅಪ್ಪ ಜೀಪು ಹತ್ತಲಿಲ್ಲ. ತಾಡಪತ್ರಿ ಹೊಲಿಯುವವರ ಮನೆ ಅಲ್ಲೇ ಹತ್ತಿರವಿತ್ತು. ಅವರ ಮಗ ಬಂದು ಜೀಪನ್ನು ಓಡಿಸಿ ತನ್ನ ಮನೆಯ ಅಂಗಳದಲ್ಲಿ ನಿಲ್ಲಿಸಿದ. ನಾವು ಮೂವರೂ ಬಸ್ಸಿಗೆ ಶಿಗ್ಗಾಂವಿಗೆ ಬಂದೆವು. ಬಸ್ಸಿನಲ್ಲಿ ಅಪ್ಪ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಇಟ್ಟುಕೊಂಡಿದ್ದ.

ಅಪ್ಪ ನಿಂತೇ ಎಲ್ಲವನ್ನೂ ಅವ್ವನಿಗೆ ಹೇಳಿದ. ಚಕ್ಕಡಿಯ ಸಂಗತಿ, ಸನ್ನೆಯ ಸಂಗತಿ, ಮುದುಕಿಯ ಸಂಗತಿ. ಕಣ್ಣಿನ ಮಾತಿಗೆ ಅವ್ವ ಅಳಲಿಲ್ಲ. ಸನ್ನೆಯ ಮಾತು ಬಂದಾಗ ಎದ್ದು ನಿಂತಳು.

"ಇಷ್ಟ ದಿನಾ ಈ ಕೂಸಿನ ತಲಿ ಮ್ಯಾಲ ಇದನ್ನ ಹೊರಿಸಿದ್ರೇನ್ರಿ? ಮಗ್ಗಲದಾಗ ಮಲಗೂ ನನಗ ಹೇಳಾಕ ಬಾಯಿ ಬರಲಿಲ್ಲೇನು?"

"ಅಂಜಿದ್ನಿ," ಎಂದ ಅಪ್ಪ. "ಕೆಲಸಾ ಹೋದ್ರ ಹೆಂಗ ಅಂತ ಅಂಜಿದ್ನಿ."

ಅಪ್ಪನಂಥವನೂ ಅಂಜುತ್ತಾನೆಂದು ನನಗೆ ಆವರೆಗೆ ತಿಳಿದಿರಲಿಲ್ಲ. ಅವ್ವ ನನ್ನನ್ನು ಎಳೆದುಕೊಂಡು ಎದೆಗೆ ಒತ್ತಿಕೊಂಡಳು. ಅವಳ ಸೀರೆಗೆ ಹುರಿದ ಶೇಂಗಾದ ವಾಸನೆಯಿತ್ತು. ಆಗ ನನಗೆ ಅಳು ಬಂತು, ಬಹಳ ಹೊತ್ತು ನಿಲ್ಲಲಿಲ್ಲ.

ಮರುದಿನ ಅಪ್ಪ ತಾನೇ ಹೋಗಿ ಸಾವ್ಕಾರರಿಗೆ ಹೇಳಿದ. ಅವರು ಸಿಟ್ಟಾದರು, ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೆಯ ದಿನ ಅಂಗಡಿಯಲ್ಲಿ ಕಾಳು ತೂಗುವ ಕೆಲಸಕ್ಕೆ ಬಾ ಎಂದರು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಎಡಗಣ್ಣು ತಿರುಗಿ ಬರುವುದಿಲ್ಲ, ಔಷಧ ಬಿಡದೆ ಹಾಕಿದರೆ ಬಲಗಣ್ಣು ಉಳಿಯುತ್ತದೆ ಎಂದರು. ಮುಂಜಾನೆ ಸಂಜೆ ಹನಿ ಹಾಕುವುದು ಅವ್ವ. ನನಗೆ ಆ ಸೀಸೆಯನ್ನು ಮುಟ್ಟಲೂ ಬಿಡಲಿಲ್ಲ. "ನಿನಗ ಸಾಕಾಗೇತಿ. ಓದಿಕೋ ಹೋಗು," ಎನ್ನುತ್ತಿದ್ದಳು.

ಆ ದೀಪಾವಳಿಗೆ ನಾವು ಎಲ್ಲಿಯೂ ಹೋಗಲಿಲ್ಲ. ಮಾಡಿಟ್ಟ ಖಡಕ್ ರೊಟ್ಟಿಯನ್ನು ಹಬ್ಬದಲ್ಲೂ ತಿಂದೆವು.

ಬಾದಾಮಿಗೆ ಹೋದದ್ದು ಮುಂದಿನ ವರ್ಷ. ಹೋಗೋಣ ಎಂದು ಎತ್ತಿದವಳು ಅವ್ವ. ಗದಗಿನವರೆಗೆ ಬಸ್ಸು, ಅಲ್ಲಿಂದ ರೈಲು. ಅತ್ತಿ ಕೊರಕಲಿನ ಬಾಯಿಯವರೆಗೆ ಬಂದು, "ಕಲ್ಲು ನಮ್ಮ ಹೊಲದಾಗೂ ಅದಾವು," ಎಂದು ಗಿಡದ ಕೆಳಗೆ ಕುಳಿತುಬಿಟ್ಟಳು. ನಾವು ನಾಲ್ವರು ಒಳಗೆ ಹೋದೆವು. ಎರಡೂ ಕಡೆ ಬಂಡೆ ಕೆಂಪಗೆ, ನೆಟ್ಟಗೆ ನಿಂತಿತ್ತು. ಕತ್ತೆತ್ತಿದರೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತಿತ್ತು. ತಮ್ಮ ಕೂಗಿದರೆ ಬಂಡೆ ತಿರುಗಿ ಕೂಗುತ್ತಿತ್ತು. ಹತ್ತಿ ಮೇಲಿನ ಅಂಚಿಗೆ ಬಂದಾಗ ಕೆಳಗೆ ನೋಡಿದೆ. ಗಾಳಿ ಬೀಸಿದರೆ ಹಾರಿಹೋಗುತ್ತೇನೆ ಅನ್ನಿಸಿ ಬಂಡೆಗೆ ಬೆನ್ನು ಹಚ್ಚಿ ಕುಳಿತುಬಿಟ್ಟೆ. ಅವ್ವ ಅಪ್ಪನ ಎಡಕ್ಕೆ ನಿಂತಿದ್ದಳು, ಅವನ ಮುಂಗೈ ಹಿಡಿದು.

"ಹೇಳಿದ್ನಿಲ್ಲೋ?" ಎಂದ ಅಪ್ಪ.

"ಹೇಳಿದ್ರಿ. ಇನ್ನ ಹಿಂದ ಸರೀರಿ," ಎಂದಳು ಅವ್ವ.

ಇಳಿಯುವಾಗ ಅವಳ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಬಂಡೆ ಕಾದ ಹಂಚಿನಂತೆ ಸುಡುತ್ತಿತ್ತು. ಅಪ್ಪ ತನ್ನ ಚಪ್ಪಲಿ ಬಿಟ್ಟುಕೊಟ್ಟ. ದೊಡ್ಡ ಚಪ್ಪಲಿಯಲ್ಲಿ ಅವ್ವ ಟಪಟಪ ಸಪ್ಪಳ ಮಾಡುತ್ತ ಮುಂದೆ, ಬರಿಗಾಲಿನ ಅಪ್ಪ ನೆರಳು ಹುಡುಕಿ ಜಿಗಿಯುತ್ತ ಹಿಂದೆ. ಕೆಳಗೆ ಅತ್ತಿ ಬುತ್ತಿ ಬಿಚ್ಚಿಟ್ಟುಕೊಂಡು, ಹಸಿವಾಗಿಲ್ಲವೇ ಎಂದು ನಮ್ಮನ್ನು ಕೂಗುತ್ತಿದ್ದಳು.